ನಾಯಿ–ಬೆಕ್ಕಿನ ಬಟ್ಟಲಿನಿಂದ ಶುರು ಮಾಡೋಣ: ಪರಿಸರಕ್ಕೆ ಹೊರೆಯಾಗದಂತೆ ಸಾಕುವ ಬಗೆ

ನಮ್ಮ ಕೆಂಚನಿಗೆ ನಾಲ್ಕು ವರ್ಷ ತುಂಬಿದಾಗ ತೂಕ 19 ಕಿಲೋ ದಾಟಿತ್ತು. ಮೈಸೂರಿನ ನಮ್ಮ ಬೀದಿಯಲ್ಲೇ ಸಿಕ್ಕ ನಾಡುನಾಯಿ ಅವನು. ಚುಚ್ಚುಮದ್ದಿಗೆ ಕರೆದುಕೊಂಡು ಹೋದಾಗ ಡಾಕ್ಟರ್ ಅವನ ಪಕ್ಕೆ ಸವರಿ, ನನ್ನ ಕೈ ಮುಂದೆ ಚಾಚಲು ಹೇಳಿದರು. ಮುಷ್ಟಿ ಬಿಗಿ ಹಿಡಿದು ಗೆಣ್ಣುಗಳ ಮೇಲೆ ಬೆರಳಾಡಿಸಿದರೆ ಮೂಳೆ ಚುಚ್ಚುತ್ತದೆ. ನಾಯಿಯ ಪಕ್ಕೆ ಹಾಗಿದ್ದರೆ ಅದು ಬಡಕಲು. ಕೈ ಬಿಡಿಸಿ ಅಂಗೈಯಲ್ಲಿ ಬೆರಳಿನ ಬುಡ ಮುಟ್ಟಿದರೆ ಬರೀ ಮೆತ್ತಗೆ. ಹಾಗಿದ್ದರೆ ದಪ್ಪ. ಅದೇ ಬಿಡಿಸಿದ ಕೈಯ ಹಿಂಭಾಗ ಸವರಿದರೆ ಮೂಳೆ ಕಾಣುವುದಿಲ್ಲ, ಆದರೆ ಬೆರಳಿಗೆ ಸಿಗುತ್ತದೆ. ಆರೋಗ್ಯವಾಗಿರುವ ನಾಯಿಯ ಪಕ್ಕೆ ಹಾಗಿರಬೇಕು. ಕೆಂಚನದು ಅಂಗೈ ತರ ಇತ್ತು.

ಮನೆಗೆ ಬಂದು ಲೆಕ್ಕ ಹಾಕಿದೆ. ಬೆಳಿಗ್ಗೆ ಅಪ್ಪನ ಜೊತೆ ನಾಲ್ಕು ಬಿಸ್ಕತ್ತು, ಸಂಜೆ ಮತ್ತೆ ನಾಲ್ಕು. ರಾತ್ರಿ ಉಳಿದ ಅನ್ನ. ಇದರ ಮೇಲೆ ಎರಡು ಹೊತ್ತು ಅವನದೇ ಊಟ. 5 ಗ್ರಾಂನ ಒಂದು ಗ್ಲೂಕೋಸ್ ಬಿಸ್ಕತ್ತಿನಲ್ಲಿ 20ರಿಂದ 25 ಕ್ಯಾಲೊರಿ ಇರುತ್ತದೆ. ಎಂಟಾದರೆ 180 ಹತ್ತಿರ. ಅವನ ಗಾತ್ರದ ನಾಯಿಗೆ ಇದು ದಿನದ ಊಟದ ಐದನೇ ಒಂದು ಭಾಗಕ್ಕಿಂತ ಜಾಸ್ತಿ. ಇರಬೇಕಾದ್ದಕ್ಕಿಂತ ಹೆಚ್ಚಾದ ನಾಲ್ಕು ಕಿಲೋ ಕೊಬ್ಬಿಗಾಗಿ ಎಲ್ಲೋ ಗೋಧಿ ಬೆಳೆದರು, ಕೋಳಿ ಸಾಕಿದರು, ಲಾರಿ ಓಡಿತು. ಕೆಂಚನಿಗೆ ಸಿಕ್ಕಿದ್ದು ಮೊಣಕಾಲು ನೋವು.

ಪರಿಸರಸ್ನೇಹಿ ಸಾಕಣೆ ಅಂದರೆ ಬಿದಿರಿನ ಬಾಚಣಿಗೆ, ಸೆಣಬಿನ ಕೊರಳಪಟ್ಟಿ ಅಂತ ಅಂಗಡಿಯವರು ತೋರಿಸುತ್ತಾರೆ. ಆದರೆ ದೊಡ್ಡ ಹೊರೆ ಇರುವುದು ಬಟ್ಟಲಿನಲ್ಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದ ಗ್ರೆಗರಿ ಒಕಿನ್ 2017ರಲ್ಲಿ ಅಮೆರಿಕದ ಲೆಕ್ಕ ಹಾಕಿದರು. ಅಲ್ಲಿ ಮಾಂಸ ಉತ್ಪಾದನೆಯಿಂದ ಪರಿಸರದ ಮೇಲೆ ಬೀಳುವ ಭಾರದಲ್ಲಿ 25ರಿಂದ 30 ಶೇಕಡಾ ನಾಯಿ–ಬೆಕ್ಕುಗಳ ಊಟದ ಪಾಲು. ನಮ್ಮ ಊರಿನ ನಾಯಿ ಅಷ್ಟು ಮಾಂಸ ತಿನ್ನುವುದಿಲ್ಲ, ನಿಜ. ಆದರೆ ನಾವೂ ಆ ದಾರಿಯಲ್ಲೇ ಹೊರಟಿದ್ದೇವೆ ಅಲ್ವಾ? ಹಾಗಾಗಿ ನಾನು ಬಟ್ಟಲಿನಿಂದಲೇ ಶುರು ಮಾಡಿದೆ. ಮಾಡಿದ ಕ್ರಮದಲ್ಲೇ ಬರೆಯುತ್ತೇನೆ.

ಮೊದಲ ಹೆಜ್ಜೆ: ತೂಗಿ, ಅಳೆಯಿರಿ

ಮೊದಲು ನೀವೊಬ್ಬರೇ ತಕ್ಕಡಿ ಮೇಲೆ ನಿಲ್ಲಿ. ಆಮೇಲೆ ನಾಯಿಯನ್ನು ಎತ್ತಿಕೊಂಡು ನಿಲ್ಲಿ. ವ್ಯತ್ಯಾಸವೇ ಅದರ ತೂಕ. ಅದು ಎಷ್ಟಿರಬೇಕು ಅನ್ನುವುದನ್ನು ಡಾಕ್ಟರ್ ಹತ್ತಿರ ಕೇಳಿ. ಕೆಂಚನಿಗೆ ಅವರು ಹೇಳಿದ್ದು 15 ಕಿಲೋ.

ಇರಬೇಕಾದ ತೂಕವನ್ನು 30ರಿಂದ ಗುಣಿಸಿ, 70 ಕೂಡಿಸಿ. 15 ಕಿಲೋಗೆ 520 ಬರುತ್ತದೆ. ಸುಮ್ಮನೆ ಮಲಗಿದ್ದರೂ ಆ ದೇಹಕ್ಕೆ ಬೇಕಾಗುವ ಕ್ಯಾಲೊರಿ ಅದು. ಸಂತಾನಹರಣ ಆಗಿರುವ, ಸಾಧಾರಣ ಓಡಾಟದ, ಪೂರ್ತಿ ಬೆಳೆದ ನಾಯಿಗೆ ಇದನ್ನು 1.6ರಿಂದ ಗುಣಿಸಿ. 832 ಆಯಿತು. ತೂಕ ಇಳಿಸಬೇಕಾದರೆ 520ರ ಆಸುಪಾಸಿನಲ್ಲೇ ನಿಲ್ಲಿಸುತ್ತಾರೆ, ಅದನ್ನು ಮಾತ್ರ ಡಾಕ್ಟರ್ ಕೇಳಿಯೇ ಮಾಡಿ. ಮರಿಗಳಿಗೆ, ಬಸುರಿ ನಾಯಿಗೆ, ಕಾಯಿಲೆಯ ನಾಯಿಗೆ ಈ ಲೆಕ್ಕ ಸಲ್ಲದು. 4 ಕಿಲೋದ ಮನೆ ಬೆಕ್ಕಿಗೆ ದಿನಕ್ಕೆ 200ರಿಂದ 240 ಕ್ಯಾಲೊರಿ ಸಾಕು.

ಒಣ ಆಹಾರ ಕೊಡುವವರು ಚೀಲದ ಹಿಂದೆ ನೋಡಿ. 100 ಗ್ರಾಂಗೆ 350 ಕ್ಯಾಲೊರಿ ಅಂತಿದ್ದರೆ, 832 ಕ್ಯಾಲೊರಿಗೆ 240 ಗ್ರಾಂ ಹತ್ತಿರ ಬರುತ್ತದೆ. ಅದನ್ನು ಒಂದು ಸಲ ತಕ್ಕಡಿಯಲ್ಲಿ ತೂಗಿ, ನಿಮ್ಮ ಸ್ಟೀಲ್ ಲೋಟದಲ್ಲಿ ಎಲ್ಲಿವರೆಗೆ ಬರುತ್ತದೆ ನೋಡಿ ಗುರುತು ಹಾಕಿಡಿ. ನಮ್ಮ ಮನೆಯಲ್ಲಿ ಲೋಟಕ್ಕೆ ಮೊಳೆಯಿಂದ ಗೀರು ಹಾಕಿದ್ದೇವೆ. ಮನೆಯಲ್ಲಿ ಯಾರು ಹಾಕಿದರೂ ಆ ಗೀರಿನವರೆಗೆ ಮಾತ್ರ. ತಿಂಡಿ, ಬಿಸ್ಕತ್ತು ಏನು ಕೊಟ್ಟರೂ ಒಟ್ಟು ಕ್ಯಾಲೊರಿಯ ಹತ್ತನೇ ಒಂದು ಭಾಗ ದಾಟಬಾರದು. ಅಪ್ಪನಿಗೆ ಬಿಸ್ಕತ್ತು ಬಿಡಿಸುವುದು ಕಷ್ಟವಾಯಿತು. ಈಗ ಅವರ ಜೇಬಿನಲ್ಲಿ ಕ್ಯಾರೆಟ್ ತುಂಡು ಇರುತ್ತದೆ, ಕೆಂಚ ಅಷ್ಟೇ ಖುಷಿಯಿಂದ ತಿನ್ನುತ್ತಾನೆ. 15 ಕಿಲೋಗೆ ಬರಲು ಅವನಿಗೆ ಏಳು ತಿಂಗಳು ಹಿಡಿಯಿತು.

ಎರಡನೇ ಹೆಜ್ಜೆ: ಅಂಗಡಿಯಲ್ಲಿ ಉಳಿಯುವುದನ್ನು ಕೇಳಿ

ಇಡೀ ಮಾರ್ಗದರ್ಶಿಯಲ್ಲಿ ನನಗೆ ತುಂಬಾ ಮುಖ್ಯ ಅನಿಸುವ ಹೆಜ್ಜೆ ಇದು. ಕೋಳಿಯ ಎದೆ ಮಾಂಸ ನಾಯಿಗೆ ಬೇಕೇಬೇಕು ಅಂತೇನೂ ಇಲ್ಲ. ನಾವು ತಿನ್ನುವ ಕೋಳಿಯದೇ ಹೃದಯ, ಗಿಜರ್ಡ್ (ಕಾಳು ಅರೆಯುವ ಜಠರ) ಅದಕ್ಕೆ ಒಳ್ಳೆಯ ಪ್ರೋಟೀನ್. ಅದಕ್ಕಾಗಿ ಇನ್ನೊಂದು ಕೋಳಿ ಕೊಯ್ಯಬೇಕಿಲ್ಲ. ಭಾನುವಾರ ಬೆಳಿಗ್ಗೆ ಏಳಕ್ಕೆ ಸ್ಟೀಲ್ ಡಬ್ಬಿ ಹಿಡಿದು ಅಂಗಡಿಗೆ ಹೋದರೆ ವಾರಕ್ಕೆ ಸಾಕಾಗುವಷ್ಟು ಸಿಗುತ್ತದೆ, ಬೆಲೆಯೂ ಕಮ್ಮಿ. ಪ್ಲಾಸ್ಟಿಕ್ ಕವರೂ ಉಳಿಯುತ್ತದೆ. ತಂದ ತಕ್ಷಣ ತೊಳೆದು, ದಿನಕ್ಕಿಷ್ಟು ಅಂತ ಭಾಗ ಮಾಡಿ ಫ್ರೀಜರಿನಲ್ಲಿಡಿ.

ಲಿವರ್ ಮಾತ್ರ ಜೋಪಾನ. ಅದರಲ್ಲಿ ಎ ವಿಟಮಿನ್ ತುಂಬಾ ಜಾಸ್ತಿ. ದಿನಾ ಕೊಟ್ಟರೆ ದೇಹದಲ್ಲಿ ಸೇರಿಕೊಂಡು ಮೂಳೆಗೆ ತೊಂದರೆ. 15 ಕಿಲೋ ನಾಯಿಗೆ ವಾರಕ್ಕೆರಡು ಸಲ, ಒಂದೊಂದು ಸಲಕ್ಕೆ 25 ಗ್ರಾಂ ಸಾಕು. ಕೋಳಿಕಾಲು, ಕತ್ತು ತಂದರೆ ಕುದಿಸಿ ಬಸಿದ ನೀರು ಬಳಸಿ, ಮಾಂಸ ಬಿಡಿಸಿ ಹಾಕಿ. ಬೇಯಿಸಿದ ಮೂಳೆ ಸೀಳಿ ಚೂಪಾಗುತ್ತದೆ, ಕರುಳಿಗೆ ಚುಚ್ಚುತ್ತದೆ. ಅದನ್ನು ಯಾವತ್ತೂ ಹಾಕಬೇಡಿ.

ಕರಾವಳಿಯವರಿಗೆ ಇನ್ನೊಂದು ದಾರಿ ಇದೆ. ಬೂತಾಯಿ, ಬಂಗುಡೆಯಂತಹ ಸಣ್ಣ ಮೀನು ದೊಡ್ಡ ಮೀನಿಗಿಂತ ಬೇಗ ಮರಿ ಮಾಡಿ ಬೆಳೆಯುತ್ತದೆ. ನಾವು ಬಿಸಾಡುವ ತಲೆ, ಬಾಲವನ್ನು ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ, ಮುಳ್ಳು ತೆಗೆದು ಕೊಡಬಹುದು. ಹಸಿ ಮೀನು ಬೇಡ, ಕೆಲವು ಜಾತಿಗಳಲ್ಲಿ ಬಿ1 ವಿಟಮಿನ್ ಹಾಳು ಮಾಡುವ ಕಿಣ್ವ ಇರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆಗ ಮೊಟ್ಟೆಗೆ ಬದಲಾಯಿಸಿಕೊಳ್ಳಿ.

ಮೂರನೇ ಹೆಜ್ಜೆ: ರಾಗಿಯ ಜೊತೆ ಅಡುಗೆ

ನಾಯಿ ಧಾನ್ಯ ಜೀರ್ಣಿಸಿಕೊಳ್ಳಬಲ್ಲದೇ ಅಂತ ಕೇಳುವವರಿದ್ದಾರೆ. ಜೀರ್ಣಿಸಿಕೊಳ್ಳುತ್ತದೆ. ಮನುಷ್ಯರ ಜೊತೆ ಬಾಳುತ್ತಾ ನಾಯಿಗೆ ಪಿಷ್ಟ ಒಡೆಯುವ ವಂಶವಾಹಿಯ ಪ್ರತಿಗಳು ತೋಳಕ್ಕಿಂತ ಹೆಚ್ಚಾದವು. ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ಇದನ್ನು ತೋರಿಸಿದರು. ನಮ್ಮ ಹಳ್ಳಿ ನಾಯಿಗಳು ಮುದ್ದೆ ತಿಂದೇ ಬೆಳೆದಿವೆ. ರಾಗಿಗೆ ಭತ್ತಕ್ಕಿಂತ ತುಂಬಾ ಕಮ್ಮಿ ನೀರು ಸಾಕು, ಮಳೆ ನಂಬಿಯೂ ಬೆಳೆಯುತ್ತದೆ. ಹಾಗಾಗಿ ನಾನು ರಾಗಿಯನ್ನೇ ಮುಂದೆ ಇಡುತ್ತೇನೆ.

ಕೆಂಚನ ಒಂದು ದಿನದ ಊಟ ಇಷ್ಟು: ರಾಗಿ ಹಿಟ್ಟು 60 ಗ್ರಾಂ, ಅಕ್ಕಿ 40 ಗ್ರಾಂ, ಕೋಳಿಯ ಹೃದಯ–ಗಿಜರ್ಡ್ ಸೇರಿ 150 ಗ್ರಾಂ, ಮೊಟ್ಟೆ ಎರಡು, ತರಕಾರಿ 100 ಗ್ರಾಂ, ಮೊಸರು ಅರ್ಧ ಸಣ್ಣ ಬಟ್ಟಲು, ಕಡಲೆಕಾಯಿ ಎಣ್ಣೆ ಒಂದು ಟೀ ಚಮಚ. ಒಟ್ಟು 780 ಕ್ಯಾಲೊರಿ ಆಸುಪಾಸು. ಉಳಿದದ್ದು ಅಪ್ಪನ ಜೇಬಿನ ಪಾಲು.

ಮಾಂಸ, ಅಕ್ಕಿ, ತರಕಾರಿ ಸೇರಿಸಿ ಕುಕ್ಕರಿನಲ್ಲಿ ಮೂರು ಕೂಗು. ತರಕಾರಿ ಅಂದರೆ ಸಿಹಿಗುಂಬಳ, ಹುರುಳಿಕಾಯಿಯ ತುದಿ, ಹೂಕೋಸಿನ ದಂಟು, ಹೀಗೆ ನಮ್ಮ ಅಡುಗೆಯಲ್ಲಿ ಉಳಿದದ್ದು. ರಾಗಿ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಬೇರೆ ಪಾತ್ರೆಯಲ್ಲಿ ಕುದಿಯುವ ನೀರಿಗೆ ಹಾಕಿ ಹತ್ತು ನಿಮಿಷ ತಿರುವುತ್ತಾ ಬೇಯಿಸಿ. ಹಸಿ ಹಿಟ್ಟಿನ ವಾಸನೆ ಹೋಗಿ ಮೇಲೆ ಹೊಳಪು ಬಂದರೆ ಬೆಂದಿದೆ ಅಂತ ಅರ್ಥ. ಎರಡನ್ನೂ ಕೂಡಿಸಿ, ಬೇಯಿಸಿದ ಮೊಟ್ಟೆ ಕಿವುಚಿ, ಆರಿದ ಮೇಲೆ ಮೊಸರು, ಎಣ್ಣೆ ಬೆರೆಸಿ. ಉಪ್ಪು, ಖಾರ, ಒಗ್ಗರಣೆ ಬೇಡ. ಮೂರು ದಿನಕ್ಕಾಗುವಷ್ಟು ಒಟ್ಟಿಗೆ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಗ್ಯಾಸೂ ಉಳಿಯುತ್ತದೆ.

ಇನ್ನೊಂದು ಮುಖ್ಯ ವಸ್ತು ಕಸದ ಬುಟ್ಟಿಗೆ ಹೋಗುತ್ತಿರುತ್ತದೆ. ಅದೇ ಮೊಟ್ಟೆಯ ಸಿಪ್ಪೆ. ಮೂಳೆಯಿಲ್ಲದ ಮಾಂಸದಲ್ಲಿ ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನಬಹುದು. ರಾಗಿಯಲ್ಲಿದ್ದರೂ ಅದೊಂದೇ ಸಾಲದು. ಸಿಪ್ಪೆಯನ್ನು ತೊಳೆದು, ಹತ್ತು ನಿಮಿಷ ಕುದಿಸಿ, ಬಿಸಿಲಿಗೆ ಒಣಗಿಸಿ, ಮಿಕ್ಸಿಯಲ್ಲಿ ಮೈದಾ ಹಿಟ್ಟಿನಷ್ಟು ನುಣ್ಣಗೆ ಮಾಡಿ. ಅರ್ಧ ಟೀ ಚಮಚದಲ್ಲಿ ಸುಮಾರು 1 ಗ್ರಾಂ ಕ್ಯಾಲ್ಸಿಯಂ. ಕೆಂಚನಿಗೆ ದಿನಕ್ಕೆ ಅಷ್ಟೇ ಹಾಕುತ್ತೇನೆ.

ಇಷ್ಟಾದರೂ ಮನೆಯೂಟ ಪೂರ್ತಿಯಾಗುವುದಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಕ್ಯಾಲಿಫೋರ್ನಿಯಾದ ಡೇವಿಸ್ ಪಶುವೈದ್ಯ ಶಾಲೆಯವರು 2013ರಲ್ಲಿ ನಾಯಿಗಾಗಿ ಬರೆದ 200 ಅಡುಗೆ ವಿಧಾನ ಪರೀಕ್ಷಿಸಿದಾಗ 95 ಶೇಕಡಾದಲ್ಲಿ ಒಂದಾದರೂ ಪೋಷಕಾಂಶ ಕೊರತೆಯಿತ್ತು. ಸತು, ಅಯೋಡಿನ್, ಡಿ ಮತ್ತು ಇ ವಿಟಮಿನ್‌ಗಳು ಸಾಮಾನ್ಯವಾಗಿ ಕಮ್ಮಿ ಬೀಳುತ್ತವೆ. ಎರಡು ದಾರಿ ಇದೆ. ಡಾಕ್ಟರ್ ಬರೆದುಕೊಡುವ ಪೂರಕ ಪುಡಿ ಬೆರೆಸುವುದು ಒಂದು. ಒಂದು ಹೊತ್ತು ಒಣ ಆಹಾರ, ಒಂದು ಹೊತ್ತು ಮನೆಯೂಟ ಅನ್ನುವುದು ಇನ್ನೊಂದು. ಹೊತ್ತು ಹಂಚಿದರೂ ಕೊರತೆ ಅರ್ಧ ಮಾತ್ರ ತುಂಬುತ್ತದೆ, ಹಾಗಾಗಿ ಡಾಕ್ಟರಿಗೆ ಒಮ್ಮೆ ಪಟ್ಟಿ ತೋರಿಸಿ. ಏನೇ ಬದಲಾಯಿಸಿದರೂ ಏಳರಿಂದ ಹತ್ತು ದಿನ ತೆಗೆದುಕೊಂಡು ಸ್ವಲ್ಪ ಸ್ವಲ್ಪ ಬೆರೆಸುತ್ತಾ ಹೋಗಿ, ಇಲ್ಲದಿದ್ದರೆ ಭೇದಿ.

ಸಸ್ಯಾಹಾರಿ ಮನೆಯವರು ಏನು ಮಾಡಬೇಕು? ಹಾಲು–ಅನ್ನ, ಮೊಸರನ್ನ ಅಷ್ಟೇ ಕೊಡುತ್ತಿದ್ದರೆ ದಯವಿಟ್ಟು ಬದಲಾಯಿಸಿ. ಹೊಟ್ಟೆ ತುಂಬುತ್ತದೆ, ಪ್ರೋಟೀನ್ ಸಿಗುವುದಿಲ್ಲ, ಕೂದಲು ಉದುರುತ್ತದೆ, ಸ್ನಾಯು ಸೊರಗುತ್ತದೆ. ಅಡುಗೆಮನೆಗೆ ಮಾಂಸ ತರಲು ಮನಸ್ಸಿಲ್ಲದಿದ್ದರೆ ಒಳ್ಳೆಯ ಒಣ ಆಹಾರ ಹಾಕಿ. ಎಲ್ಲ ಪೋಷಕಾಂಶ ಸೇರಿಸಿ ಮಾಡಿದ ಸಸ್ಯಾಹಾರದಲ್ಲಿ ನಾಯಿ ಬದುಕಬಲ್ಲದು, ಆದರೆ ಅದು ಸುಮ್ನೆ ನಮ್ಮ ತಟ್ಟೆಯ ಊಟ ಹಾಕಿದರೆ ಆಗುವ ಕೆಲಸ ಅಲ್ಲ.

ತಟ್ಟೆಯಲ್ಲಿ ಉಳಿದದ್ದನ್ನು ಹಾಕಿದರೆ ಆಹಾರ ವ್ಯರ್ಥವಾಗುವುದಿಲ್ಲ ಅಂತ ನಾನೂ ಅಂದುಕೊಂಡಿದ್ದೆ. ಆದರೆ ನಮ್ಮ ಸಾರಿನಲ್ಲಿ ಏನಿರುತ್ತದೆ ನೋಡಿ. ಈರುಳ್ಳಿ, ಬೆಳ್ಳುಳ್ಳಿ ನಾಯಿ–ಬೆಕ್ಕಿನ ಕೆಂಪು ರಕ್ತಕಣ ಒಡೆಯುತ್ತವೆ, ಬೇಯಿಸಿದರೂ ಅಷ್ಟೇ. ಪಾಯಸದ ದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸುತ್ತದೆ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಅದಕ್ಕೆ ಕಾರಣ ಇರಬೇಕು ಅಂತ ಅಮೆರಿಕದ ಪಶುವೈದ್ಯರು ಈಚೆಗೆ ಹೇಳುತ್ತಿದ್ದಾರೆ. ಹುಣಸೆಹಣ್ಣು ತಿಂದ ನಾಯಿಗಳಿಗೂ ಹಾಗೇ ಕಿಡ್ನಿ ತೊಂದರೆ ಆದದ್ದನ್ನು ಅವರು ಕಂಡಿದ್ದಾರೆ. ಹುಳಿ ಕಲಸಿದ ಅನ್ನ ನಾಯಿಗೆ ಬೇಡ. ಬರೀ ಅನ್ನ, ಬರೀ ಬೇಯಿಸಿದ ಬೇಳೆ, ಚಪಾತಿ ಉಳಿದರೆ ಕೊಡಿ, ಲೆಕ್ಕದೊಳಗೆ. ಚಾಕೊಲೇಟ್, ಸಕ್ಕರೆರಹಿತ ಚ್ಯೂಯಿಂಗ್ ಗಮ್ಮಿನಲ್ಲಿರುವ ಕ್ಸೈಲಿಟಾಲ್ ಕೂಡ ವಿಷ.

ನಾಲ್ಕನೇ ಹೆಜ್ಜೆ: ಬೆಕ್ಕಿನ ವಿಷಯದಲ್ಲಿ ರಾಜಿ ಬೇಡ

ಬೆಕ್ಕಿಗೆ ಮಾಂಸ ಬೇಕೇ ಬೇಕು. ಟಾರಿನ್ ಅನ್ನುವ ಪದಾರ್ಥವನ್ನು ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳುವುದಿಲ್ಲ. ಟಾರಿನ್ ಇಲ್ಲದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಹಿಗ್ಗಿ ಸೋಲುತ್ತದೆ. 1987ರಲ್ಲಿ ಈ ನಂಟು ಗೊತ್ತಾದ ಮೇಲೆಯೇ ಬೆಕ್ಕಿನ ಸಿದ್ಧ ಆಹಾರಕ್ಕೆ ಟಾರಿನ್ ಹೆಚ್ಚಿಸಿದರು. ಕ್ಯಾರೆಟ್ಟಿನಿಂದ ಎ ವಿಟಮಿನ್ ಮಾಡಿಕೊಳ್ಳಲೂ ಬೆಕ್ಕಿಗೆ ಬರುವುದಿಲ್ಲ. ಹಾಗಾಗಿ ನಮ್ಮ ಪುಟ್ಟಿಗೆ ಪೂರ್ಣ ಪೋಷಕಾಂಶದ ಒಣ ಆಹಾರವೇ ಮುಖ್ಯ ಊಟ. ಜೊತೆಗೆ ಕೋಳಿಯ ಹೃದಯ. ಅದರಲ್ಲಿ ಟಾರಿನ್ ಚೆನ್ನಾಗಿದೆ. ಪರಿಸರದ ಹೆಸರಲ್ಲಿ ಬೆಕ್ಕನ್ನು ಹಾಲು–ಅನ್ನಕ್ಕೆ ಇಳಿಸುವುದು ಹಿಂಸೆ.

ಡಬ್ಬಿ, ಪೌಚಿನ ಹಸಿ ಆಹಾರವನ್ನು ದಿನದ ಊಟ ಮಾಡಿಕೊಳ್ಳಬೇಡಿ. ಬ್ರೆಜಿಲ್‌ನಲ್ಲಿ 2022ರಲ್ಲಿ ಲೆಕ್ಕ ಹಾಕಿದಾಗ 10 ಕಿಲೋ ನಾಯಿಗೆ ಒಣ ಆಹಾರಕ್ಕಿಂತ ಹಸಿ ಆಹಾರದಿಂದ ಹೊಮ್ಮುವ ಇಂಗಾಲದ ಪ್ರಮಾಣ ಸುಮಾರು 8 ಪಟ್ಟು ಬಂತು. ನಮ್ಮಲ್ಲಿ ಆ ಪದರ ಪದರದ ಪೌಚನ್ನು ಗುಜರಿಯವರೂ ಒಯ್ಯುವುದಿಲ್ಲ. ಮೂತ್ರದ ತೊಂದರೆಯ ಬೆಕ್ಕಿಗೆ ಡಾಕ್ಟರ್ ಹಸಿ ಆಹಾರವೇ ಹೇಳಿದ್ದರೆ ಮಾತ್ರ ಬಿಡಬೇಡಿ. ಒಣ ಆಹಾರ ಕೊಳ್ಳುವಾಗ ಒಂದು ತಿಂಗಳಲ್ಲಿ ಮುಗಿಯುವಷ್ಟು ದೊಡ್ಡ ಚೀಲ ತನ್ನಿ. ಚೀಲದ ಸಮೇತ ಸ್ಟೀಲ್ ಡಬ್ಬದಲ್ಲಿಟ್ಟು ಮುಚ್ಚಿ. ಚೀಲ ತೆರೆದು ತಿಂಗಳುಗಟ್ಟಲೆ ಇಟ್ಟರೆ ಕೊಬ್ಬು ಕಮಟುತ್ತದೆ, ಕೊನೆಗೆ ಎಲ್ಲ ಕಸಕ್ಕೆ.

ಐದನೇ ಹೆಜ್ಜೆ: ಬೆಕ್ಕಿನಿಂದ ಹಕ್ಕಿ, ಹಾವುರಾಣಿ ಉಳಿಸಿ

ಎರಡು ವರ್ಷದ ಹಿಂದೆ ನಮ್ಮ ದಾಸವಾಳದ ಗಿಡದಲ್ಲಿ ಪಿಕಳಾರ ಗೂಡು ಕಟ್ಟಿತ್ತು. ಮೂರು ಮರಿ. ಒಂದು ಬೆಳಿಗ್ಗೆ ಪುಟ್ಟಿ ಒಂದನ್ನು ಬಾಗಿಲಲ್ಲಿ ತಂದಿಟ್ಟಳು. ಇನ್ನೂ ರೆಕ್ಕೆ ಪೂರ್ತಿ ಬಂದಿರಲಿಲ್ಲ. ತಾಯಿ ಹಕ್ಕಿ ಕಾಂಪೌಂಡ್ ಮೇಲೆ ಕೂತು ಕೂಗುತ್ತಲೇ ಇತ್ತು. ಅವತ್ತಿನಿಂದ ನಾನು ಈ ವಿಷಯ ಹುಡುಕಿ ಓದಿದೆ.

ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಬೇಟೆಯಾಡುವ ಮನೆ ಬೆಕ್ಕುಗಳ ಮೇಲೆ ಒಂದೊಂದೇ ಉಪಾಯ ಮಾಡಿ ನೋಡಿದರು. ಮಾಂಸದ ಪ್ರೋಟೀನ್ ಹೆಚ್ಚಿರುವ, ಧಾನ್ಯವಿಲ್ಲದ ಆಹಾರ ಕೊಟ್ಟ ಮನೆಗಳಲ್ಲಿ ಬೆಕ್ಕು ತರುವ ಬೇಟೆ 36 ಶೇಕಡಾ ಇಳಿಯಿತು. ದಿನಕ್ಕೆ 5ರಿಂದ 10 ನಿಮಿಷ ಬೆಕ್ಕಿನ ಜೊತೆ ಆಡಿದ ಮನೆಗಳಲ್ಲಿ 25 ಶೇಕಡಾ ಇಳಿಯಿತು. ಕೊರಳಿಗೆ ಗಂಟೆ ಕಟ್ಟಿದರೆ ಹೇಳಿಕೊಳ್ಳುವಂತಹ ಫಲ ಕಾಣಲಿಲ್ಲ. ನಾನು ಈಗ ಕೋಲಿಗೆ ಹಳೆ ಸೀರೆಯ ಚೂರು ಕಟ್ಟಿ ಸಂಜೆ ಹತ್ತು ನಿಮಿಷ ಆಡಿಸುತ್ತೇನೆ, ಕೊನೆಗೆ ಅದನ್ನು ಹಿಡಿಯಲು ಬಿಟ್ಟು ಊಟ ಹಾಕುತ್ತೇನೆ. ಓಡು, ಹಿಡಿ, ತಿನ್ನು, ಮಲಗು ಅನ್ನುವುದೇ ಅವಳ ಸಹಜ ಕ್ರಮ. ಬೆಳಗಿನ ಜಾವ, ಮುಸ್ಸಂಜೆ ಕಿಟಕಿ ಮುಚ್ಚಿರುತ್ತೇವೆ. ಗೂಡು ಕಂಡರೆ ಮರಿ ಹಾರುವವರೆಗೂ ಅವಳು ಹೊರಗಿಲ್ಲ. ಪೂರ್ತಿ ಮನೆಯೊಳಗೇ ಸಾಕುವುದಾದರೆ ಇನ್ನೂ ಒಳ್ಳೆಯದು.

ಆರನೇ ಹೆಜ್ಜೆ: ಹೇಲು, ಮರಳಿನ ತಟ್ಟೆ

ನಾಯಿಯ ಹೇಲು ಸಗಣಿಯಂತೆ ಗೊಬ್ಬರ ಅಲ್ಲ. ಅದರಲ್ಲಿ ಕೊಕ್ಕೆಹುಳು, ದುಂಡುಹುಳುವಿನ ಮೊಟ್ಟೆ ಇರಬಹುದು. ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮದೊಳಗೆ ಹೊಕ್ಕುತ್ತದೆ. ದುಂಡುಹುಳುವಿನ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮನೆಯ ಗೊಬ್ಬರದ ಡಬ್ಬಿಯಲ್ಲಿ ಅವು ಸಾಯುವಷ್ಟು ಬಿಸಿ ಏಳುವುದಿಲ್ಲ.

ಅಂಗಳ ಇರುವವರು ಹೀಗೆ ಮಾಡಿ. ಹಳೆಯ ಪ್ಲಾಸ್ಟಿಕ್ ಡ್ರಮ್ಮಿನ ತಳ ಕತ್ತರಿಸಿ, ಎರಡೂವರೆ ಅಡಿ ಗುಂಡಿಯಲ್ಲಿ ಹೂಳಿ, ಮುಚ್ಚಳ ಹಾಕಿ. ಬಾವಿ, ಬೋರ್‌ವೆಲ್‌ನಿಂದ 100 ಅಡಿ ದೂರ ಇರಲಿ. ಹೇಲು ಹಾಕಿದಾಗೆಲ್ಲ ಎರಡು ಹಿಡಿ ತರಗೆಲೆ, ಒಂದು ಹಿಡಿ ಮಣ್ಣು. ತುಂಬಿದ ಮೇಲೆ ಒಂದು ಅಡಿ ಮಣ್ಣು ಮುಚ್ಚಿ, ಮೇಲೆ ಹೂವಿನ ಗಿಡ ನೆಡಿ. ಅದನ್ನು ಮತ್ತೆ ಅಗೆಯಬೇಡಿ. ಸೊಪ್ಪು, ತರಕಾರಿ ಮಡಿಯ ಹತ್ತಿರ ಈ ಗುಂಡಿ ಬೇಡವೇ ಬೇಡ. ಅಪಾರ್ಟ್‌ಮೆಂಟಿನವರು ಹಳೆ ಪೇಪರಿನಲ್ಲಿ ಎತ್ತಿ, ಹಸಿ ಕಸಕ್ಕೆ ಸೇರಿಸದೆ, ಡೈಪರ್ ಹಾಕುವ ಕಸದ ಜೊತೆ ಕೊಡಿ. ನಡಿಗೆಗೆ ಹೋದಾಗ ಚರಂಡಿಗೆ ತಳ್ಳಬೇಡಿ. ಮಳೆ ಬಂದರೆ ಅದು ಹೋಗುವುದು ಕೆರೆಗೆ.

ಬೆಕ್ಕು ಹೇಲಲು ತಟ್ಟೆಗೆ ಹಾಕುವ ಅಂಗಡಿಯ ಮರಳು ಹೆಚ್ಚಾಗಿ ಬೆಂಟೊನೈಟ್ ಅನ್ನುವ ಜೇಡಿಮಣ್ಣು. ಕಛ್, ಬಾಡಮೇರ್ ಕಡೆ ನೆಲ ಅಗೆದು ತೆಗೆಯುವುದು. ಒಂದು ಸಲ ಬಳಸಿದರೆ ಕಸ. ನಾವು ತೆಂಗಿನ ನಾರು ತೆಗೆದ ಮೇಲೆ ಉಳಿಯುವ ಪುಡಿಗೆ ಬದಲಾದೆವು. ತಿಪಟೂರು, ಅರಸೀಕೆರೆ ಕಡೆಯ ತೆಂಗಿನದು, ಒತ್ತಿದ ಇಟ್ಟಿಗೆಯ ರೂಪದಲ್ಲಿ ನರ್ಸರಿಯಲ್ಲಿ ಸಿಗುತ್ತದೆ. ನೆನೆಸಿ, ಪೂರ್ತಿ ಒಣಗಿಸಿ, ದೂಳು ಜರಡಿ ಹಿಡಿದು ತಟ್ಟೆಗೆ ಎರಡು ಇಂಚು ಹಾಕಿ. ಪುಟ್ಟಿ ಒಪ್ಪಲು ಮೂರು ವಾರ ಬೇಕಾಯಿತು. ಹಳೆ ಮರಳಿಗೆ ಸ್ವಲ್ಪ ಸ್ವಲ್ಪ ಬೆರೆಸಿದ್ದೇ ಉಪಾಯ. ಹೇಲನ್ನು ದಿನಾ ತೆಗೆಯಿರಿ. ಬೆಕ್ಕಿನ ಹೇಲಿನಲ್ಲಿ ಟೊಕ್ಸೊಪ್ಲಾಸ್ಮಾ ಅನ್ನುವ ರೋಗಾಣು ಇದ್ದರೆ ಅದು ಸೋಂಕು ಹರಡುವ ಹಂತಕ್ಕೆ ಬರಲು 1ರಿಂದ 5 ದಿನ ಬೇಕು. ಅಷ್ಟರೊಳಗೆ ತೆಗೆದರೆ ಅಪಾಯ ತುಂಬಾ ಕಮ್ಮಿ. ಬಸುರಿಯರು ಈ ಕೆಲಸ ಬೇರೆಯವರಿಗೆ ಬಿಡಲಿ. ಬೆಕ್ಕಿನ ಹೇಲನ್ನು ಕಮೋಡಿಗೂ ಹಾಕಬೇಡಿ, ಗೊಬ್ಬರಕ್ಕೂ ಬೇಡ.

ಏಳನೇ ಹೆಜ್ಜೆ: ಉಣ್ಣೆ ಔಷಧಿ, ಸ್ನಾನ

ರಕ್ತ ಹೀರುವ ಉಣ್ಣೆ ಕಚ್ಚಿ ಬರುವ ಜ್ವರಕ್ಕೆ ನಮ್ಮಲ್ಲಿ ನಾಯಿಗಳು ಸಾಯುತ್ತವೆ. ಹಾಗಾಗಿ ಔಷಧಿ ಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ಕತ್ತಿನ ಮೇಲೆ ಹನಿಸುವ ಔಷಧಿಯಲ್ಲಿರುವ ಫಿಪ್ರೊನಿಲ್ ಅನ್ನುವ ಕೀಟನಾಶಕ ಎಲ್ಲಿಗೆ ಹೋಗುತ್ತದೆ ಗೊತ್ತಿರಲಿ. ಇಂಗ್ಲೆಂಡಿನ 20 ನದಿಗಳ ನೀರು ಪರೀಕ್ಷಿಸಿದಾಗ ಬಹುತೇಕ ಎಲ್ಲ ಮಾದರಿಗಳಲ್ಲೂ ಅದು ಸಿಕ್ಕಿತು. ಅಲ್ಲಿಯ ಹಕ್ಕಿಗಳು ಪ್ರಾಣಿಗಳ ಕೂದಲು ಹಾಸಿ ಕಟ್ಟಿದ ಗೂಡುಗಳಲ್ಲೂ ಸಿಕ್ಕಿದೆ. ಡಾಕ್ಟರ್ ಹೇಳಿದಷ್ಟೇ, ಹೇಳಿದ ತೂಕದ ಡೋಸೇ ಹಾಕಿ. ಹನಿಸಿದ ಮೇಲೆ ಎರಡು ಮೂರು ದಿನ ಸ್ನಾನ ಬೇಡ, ಕೆರೆಗೆ ಇಳಿಸುವುದು ಬೇಡ. ಬಾಚಿದ ಕೂದಲನ್ನು ಅಂಗಳಕ್ಕೆ ತೂರಬೇಡಿ. ಮಳೆಗಾಲದಲ್ಲಿ ದಿನಾ ಐದು ನಿಮಿಷ ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ ನೋಡಿ. ಉಣ್ಣೆ ಸಿಕ್ಕರೆ ಇಕ್ಕಳದಲ್ಲಿ ಚರ್ಮಕ್ಕೆ ಅಂಟಿದ ಹಾಗೆ ಹಿಡಿದು ನೇರ ಎಳೆಯಿರಿ. ನಾಯಿಯ ಪರ್ಮೆಥ್ರಿನ್ ಔಷಧಿ, ಟೀ ಟ್ರೀ ಎಣ್ಣೆ ಬೆಕ್ಕಿಗೆ ಮುಟ್ಟಿಸಲೇಬೇಡಿ. ನಮ್ಮ ಜ್ವರದ ಪ್ಯಾರಾಸಿಟಮಾಲ್ ಅರ್ಧ ಮಾತ್ರೆ ಕೂಡ ಬೆಕ್ಕನ್ನು ಕೊಲ್ಲಬಲ್ಲದು.

ಗಿಡ್ಡ ಕೂದಲಿನ ನಾಯಿಗೆ ತಿಂಗಳಿಗೊಂದು ಸ್ನಾನ ಸಾಕು, ಬಕೆಟ್ ನೀರಿನಲ್ಲಿ. ಹಾಸಿಗೆಗೆ ಗೋಣಿಚೀಲ, ಮೇಲೆ ಹಳೆ ಹತ್ತಿ ಸೀರೆ. ಆಟಕ್ಕೆ ಹಳೆ ಜೀನ್ಸ್ ಗಂಟು.

ಎಂಟನೇ ಹೆಜ್ಜೆ: ಮುಂದಿನ ಪ್ರಾಣಿ ತರುವ ಮುನ್ನ

ಸಂತಾನಹರಣ ಮೊದಲು ಮಾಡಿಸಿ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬಸುರಾಗಬಹುದು, ಒಂಬತ್ತು ವಾರದಲ್ಲಿ ಮರಿ. ಆ ಮರಿಗಳಿಗೆಲ್ಲ ಮನೆ ಸಿಗುವುದಿಲ್ಲ.

ನಾಯಿ ಆರಿಸುವಾಗ ಮೇಲಿನ ಲೆಕ್ಕವನ್ನೇ ಮತ್ತೆ ಹಾಕಿ ನೋಡಿ. 30 ಕಿಲೋದ ಲ್ಯಾಬ್ರಡಾರ್‌ಗೆ ದಿನಕ್ಕೆ 1,550 ಕ್ಯಾಲೊರಿ ಬೇಕು, 15 ಕಿಲೋ ನಾಡುನಾಯಿಗೆ 832. ಹಸ್ಕಿಯಂತಹ ಹಿಮದ ನಾಡಿನ ನಾಯಿಗೆ ಬೇಸಿಗೆಯಲ್ಲಿ ಎಸಿ ಇಲ್ಲದೆ ನಡೆಯುವುದಿಲ್ಲ, ಅದಕ್ಕೂ ಅದು ಸಂಕಟ. ಬೀದಿಯ ಮರಿ ನಮ್ಮ ಬಿಸಿಲಿಗೇ ಹುಟ್ಟಿದ್ದು.

ಅಕ್ವೇರಿಯಂ ಅಂಗಡಿಯಲ್ಲಿ ಅಂಗೈಯಗಲ ಇರುವ ಕೆಂಪು ಕಿವಿಯ ಆಮೆ ಬೆಳೆದು ಊಟದ ತಟ್ಟೆಯಷ್ಟಾಗುತ್ತದೆ, ಹತ್ತಾರು ವರ್ಷ ಬದುಕುತ್ತದೆ. ಸಾಕಾಗಿ ಕೆರೆಗೆ ಬಿಟ್ಟರೆ ನಮ್ಮ ಆಮೆಗಳ ಜಾಗ ಕಿತ್ತುಕೊಳ್ಳುತ್ತದೆ. ತೊಟ್ಟಿಯ ಗಾಜು ನೆಕ್ಕುವ ಸಕ್ಕರ್ ಮೀನಿನದೂ ಅದೇ ಕತೆ. ಈಗಾಗಲೇ ಇದ್ದರೆ ಕೊನೆಯವರೆಗೂ ನೀವೇ ಸಾಕಿ, ಇಲ್ಲವೇ ಬೇರೆ ಸಾಕುವವರಿಗೆ ಕೊಡಿ. ನಮ್ಮ ನಾಡಿನ ಗಿಳಿ, ನಕ್ಷತ್ರ ಆಮೆ ಸಾಕುವುದು ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ.

ತಿಂಗಳ ಮೊದಲ ಭಾನುವಾರ ನಮ್ಮಲ್ಲಿ ತೂಕದ ದಿನ. ಕ್ಯಾಲೆಂಡರಿನ ಆ ಚೌಕದಲ್ಲೇ ಎರಡು ಅಂಕಿ ಬರೆಯುತ್ತೇವೆ. ಕೆಂಚನದು 15.5 ದಾಟಿದರೆ ಮರುದಿನದಿಂದ ಅಕ್ಕಿ 40 ಗ್ರಾಂ ಇದ್ದದ್ದು 20 ಆಗುತ್ತದೆ. ಹೋದ ತಿಂಗಳು 15.2 ಇತ್ತು. ಅಪ್ಪ ಅವತ್ತು ಅವನಿಗೆ ಇನ್ನೊಂದು ಕ್ಯಾರೆಟ್ ಕೊಟ್ಟರು.